ನಮ್ಮ ಹೊಳಿ, ನಮ್ಮ ಇತಿಹಾಸ – 4: ಫ್ರೀಜರ್‌ನಾಗಿನ ಕೃಷ್ಣೆ

1/5
ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ದೋಸ್ತರೇ, ಒಂದು ಪ್ರಶ್ನೆ. ಪ್ರಾಜೆಕ್ಟ್‌ಗಂತ ಶನಿವಾರ ಹೊಳಿ ನೀರು ತುಂಬಿಕೊಂಡು ಬಂದ್ರಿ. ಲ್ಯಾಬ್ ತೆರೆಯೋದು ಸೋಮವಾರ. ಅಲ್ಲೀತನಕ ಬಾಟಲಿ ಫ್ರೀಜರ್‌ನಾಗ ಇಟ್ರ ನಡೀತದೇನು?

2/5
1888ಕ್ಕೆ ಹೋಗೋಣ. ಹಂಗೇರಿಯ ಲಾಯೋಶ್ ವಿಂಕ್ಲರ್ ನೀರಿನಲ್ಲಿ ಕರಗಿದ ಆಕ್ಸಿಜನ್ ಅಳೆಯುವ ವಿಧಾನ ಪ್ರಕಟಿಸಿದರು. ದಂಡೆಯ ಮೇಲೇ ಬಾಟಲಿಗೆ ಮ್ಯಾಂಗನೀಸ್ ಲವಣ, ಕ್ಷಾರ ಹಾಕಿದರೆ ಆಕ್ಸಿಜನ್ ಕಂದು ಗಸಿಯಾಗಿ ಅಲ್ಲೇ ಸಿಕ್ಕಿಬೀಳುತ್ತದೆ. ಯಾಕಿಷ್ಟು ಅವಸರ? ಬಾಟಲಿಗೆ ಬಂದ ಮೇಲೂ ಬ್ಯಾಕ್ಟೀರಿಯಾ ಸುಮ್ಮನೆ ಕೂರೋದಿಲ್ಲ. ಆಕ್ಸಿಜನ್ ಬಳಸ್ತಾವ, ಅಮೋನಿಯಾ, ನೈಟ್ರೇಟ್, ಫಾಸ್ಫೇಟ್ ಲೆಕ್ಕ ಬದಲಿಸ್ತಾವ. ಅವುಗಳ ಕೈ ಕಟ್ಟಿಹಾಕೋಕೆ 20ನೇ ಶತಮಾನದಲ್ಲಿ ಫ್ರೀಜರ್ ಬಳಕೆಗೆ ಬಂತು. ಸೋಸಿದ ಸಮುದ್ರದ ನೀರನ್ನು ನೈಟ್ರೇಟ್ ಪರೀಕ್ಷೆಗಾಗಿ ಇವತ್ತಿಗೂ -20 ಡಿಗ್ರಿಯಲ್ಲಿ ಇಡ್ತಾರ.

3/5
ಆದ್ರ ಐಸ್‌ಕ್ಯಾಂಡಿ ನೆನಪು ಮಾಡ್ಕೋರಿ. ಚೀಪಿದಾಗ ಸಿಹಿ ಮೊದಲೇ ಬರ್ತದ, ಕೊನೀಗೆ ಬರೀ ಬಿಳಿ ಐಸ್. ನೀರು ಹೆಪ್ಪುಗಟ್ಟುವಾಗ ತನ್ನೊಳಗಿನ ಲವಣವನ್ನು ಹೊರಗೆ ತಳ್ಳುತ್ತದೆ. ಉಳಿದ ಚೂರು ನೀರಿನಲ್ಲಿ ಲವಣ ದಟ್ಟವಾಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ತಳಕ್ಕೆ ಕೂರಬಹುದು. ಹಂಡೆಯೊಳಗೆ ಕಟ್ಟೋ ಬಿಳಿ ಪದರು ಇದೇ. ಫಾಸ್ಫೇಟ್‌ನ್ನೂ ಅದು ಜೊತೆಗೆ ಎಳಕೊಂಡು ಹೋಗಬಹುದು. ಕರಗಿಸಿದ ಮೇಲೆ ಎಲ್ಲವೂ ವಾಪಸ್ ಬರೋದಿಲ್ಲ. 1973ರಲ್ಲಿ ಎಫ್. ಜೆ. ಫಿಲ್ಬರ್ಟ್ ಉತ್ತರ ಅಮೆರಿಕದ ಗ್ರೇಟ್ ಲೇಕ್ಸ್ ನೀರಿನ ಬಗ್ಗೆ ಪ್ರಬಂಧ ಬರೆದದ್ದು ಇದೇ ಪ್ರಶ್ನೆಯ ಮೇಲೆ.

4/5
ಈಗ ನಮ್ಮ ಊರಿಗೆ ಬರ್ರಿ. ಕೃಷ್ಣೆ ಹುಟ್ಟೋದು ಮಹಾಬಳೇಶ್ವರದಲ್ಲಿ, ಹರಿದು ಬರೋದು ಕಪ್ಪುಶಿಲೆಯ ನಾಡಿನ ಮೇಲೆ. ಆ ಕಲ್ಲಿನಿಂದ ಸಿಲಿಕಾ ನೀರಿಗೆ ಸೇರುತ್ತದೆ. ಫ್ರೀಜ್ ಆದಾಗ ಸಿಲಿಕಾ ಕಣಗಳು ಒಂದಕ್ಕೊಂದು ಕೂಡಿಕೊಂಡು, ಪರೀಕ್ಷೆಯಲ್ಲಿ ಕಡಿಮೆ ಕಾಣಬಹುದು. ಗಡಸು ಬೋರ್‌ವೆಲ್ ನೀರಿನದೂ ಇದೇ ಕಥೆ: ಗಡಸುತನ ಬಾಟಲಿ ತಳದಾಗ, ಕಾಗದದ ಮೇಲೆ ಮಾತ್ರ ನೀರು ಮೆದು! ಕುಡಿಯುವ ನೀರಿನಲ್ಲಿ ನೈಟ್ರೇಟ್ ಮಿತಿ ಲೀಟರ್‌ಗೆ 45 ಮಿಲಿಗ್ರಾಂ. ಕಬ್ಬಿಗೆ ಗೊಬ್ಬರ ಸುರಿಯೋ ನಾಡಿನಲ್ಲಿ ಈ ಅಂಕಿ ತಪ್ಪಿದರೆ, ಕೆಟ್ಟ ಬಾವಿಗೂ ಒಳ್ಳೆಯದು ಅನ್ನೋ ಚೀಟಿ ಸಿಗ್ತದ. ಆ ನೀರು ಕುಡಿಯೋದು ಮನೆಯ ಕೂಸು.

5/5
1974ರ ಜಲ ಕಾಯ್ದೆಯ 21ನೇ ಕಲಮು ಇನ್ನೂ ಬಿಗಿ: ಕಾರ್ಖಾನೆಯ ಹೊಲಸು ನೀರಿನ ಮಾದರಿಯನ್ನು ನಿಯಮದಂತೆ ಎರಡು ಭಾಗ ಮಾಡಿ, ಸೀಲ್ ಹಾಕಿ, ಸಹಿ ಮಾಡಿ ಕಳಿಸದಿದ್ದರೆ, ಅದರ ವರದಿ ಕೋರ್ಟಿನಲ್ಲಿ ಸಾಕ್ಷಿಯಾಗಿ ನಿಲ್ಲೋದಿಲ್ಲ. ಅಂದ್ರ ಬಾಟಲಿ ಹಿಡಿಯೋ ರೀತಿಯೇ ಅರ್ಧ ನ್ಯಾಯ.

ಹಂಗಾದ್ರ ಏನು ಮಾಡೋದು? ಪಿಎಚ್, ಉಷ್ಣತೆ ದಂಡೆಯ ಮೇಲೇ ಅಳೀರಿ. ಆಕ್ಸಿಜನ್ ಅಲ್ಲೇ ಹಿಡೀರಿ. ಲೋಹಕ್ಕೆ ಬೇರೆ ಬಾಟಲಿ, ಅದಕ್ಕೆ ಲ್ಯಾಬ್‌ನವರೇ ನೈಟ್ರಿಕ್ ಆಮ್ಲ ಹಾಕಿ ಕೊಡಲಿ. ಉಳಿದದ್ದು ಐಸ್ ಡಬ್ಬಿಯಲ್ಲಿ, ಹೆಪ್ಪುಗಟ್ಟದಂತೆ, 4 ಡಿಗ್ರಿ ಆಸುಪಾಸು ಇಟ್ಟು ಬೇಗ ಲ್ಯಾಬ್‌ಗೆ ಮುಟ್ಟಿಸ್ರಿ. ಫ್ರೀಜ್ ಮಾಡಲೇಬೇಕಾದ್ರ ಗಾಜು ಬ್ಯಾಡ, ತುಂಬಾ ತುಂಬಿಸಬ್ಯಾಡ್ರಿ. ಐಸ್ ಆದಾಗ ನೀರು ಶೇ. 9ರಷ್ಟು ಉಬ್ಬುತ್ತದೆ. ಊರು, ತಾರೀಖು, ಹೊತ್ತು, ಹೆಂಗ ಇಟ್ಟಿದ್ದಿರಿ ಅನ್ನೋದನ್ನ ಚೀಟಿಯಲ್ಲಿ ಬರೀರಿ.

ಹರಿದುಹೋದ ಕೃಷ್ಣೆಯನ್ನು ಯಾರೂ ಎತ್ತಿಡಲಾರರು. ನಮ್ಮ ಮುಂದಿನವರಿಗೆ ಸಿಗೋದು ಆ ಚೀಟಿ ಮಾತ್ರ.

ನಿಮ್ಮೂರಿನ ನೀರು ಹೊಳಿದೋ, ಬೋರಿಂದೋ? ಕೆಳಗ ಬರೀರಿ. 👇
#ನಮ್ಮಹೊಳಿ #ಕೃಷ್ಣಾತೀರ #ಚಿಕ್ಕೋಡಿ #ಅಥಣಿ