ಉಬ್ಬಿದ ಮೊಬೈಲ್ ಬ್ಯಾಟರಿಗೆ ಸೂಜಿ ಚುಚ್ಚಿ ಗಾಳಿ ತೆಗೆಯಬಹುದೇ?

ಬ್ಯಾಟರಿ ಉಬ್ಬಿ ಮೊಬೈಲಿನ ಹಿಂಬದಿ ಕವರ್ ಎದ್ದು ಬಂದರೆ, "ಸೂಜಿಯಿಂದ ಸಣ್ಣ ತೂತು ಮಾಡಿ ಗಾಳಿ ಬಿಡಿ, ಸರಿಹೋಗುತ್ತದೆ" ಎಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬ್ಯಾಟರಿಯೊಳಗೆ ಬೆಂಕಿ ಹೊತ್ತದಂತೆ ತಡೆದಿರುವುದು ಒಂದು ತೆಳು ಪ್ಲಾಸ್ಟಿಕ್ ಹಾಳೆ. ಸೂಜಿ ತೂತು ಮಾಡುವುದು ಅದನ್ನೇ.

ಲಿಥಿಯಂ-ಅಯಾನ್ ಬ್ಯಾಟರಿಯಲ್ಲಿ ಪಾಸಿಟಿವ್ ಮತ್ತು ನೆಗೆಟಿವ್ ಪದರಗಳು ಒತ್ತೊತ್ತಾಗಿ ಇರುತ್ತವೆ. ಅವು ಒಂದಕ್ಕೊಂದು ತಾಗದಂತೆ ನಡುವೆ ಇಟ್ಟಿರುವ ಹಾಳೆಯೇ ಸೆಪರೇಟರ್. ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್‌ನಿಂದ ಮಾಡಿದ ಇದು ತಲೆಗೂದಲಿಗಿಂತ ತೆಳು. ಇದರ ಸೂಕ್ಷ್ಮ ರಂಧ್ರಗಳಲ್ಲಿ ಅಯಾನುಗಳು ದಾಟುತ್ತವೆ, ಎಲೆಕ್ಟ್ರಾನ್‌ಗಳಿಗೆ ದಾರಿಯಿಲ್ಲ. ಮೊಬೈಲ್ ಬ್ಯಾಟರಿಯ ಸುಮಾರು 4 ವೋಲ್ಟ್‌ಗೆ ಈ ಹಾಳೆ ಜಗ್ಗುವುದಿಲ್ಲ. ಅದು ಸೋಲುವುದು ಬಿಸಿಗೆ ಮತ್ತು ಚುಚ್ಚುವ, ಒತ್ತುವ ಬಲಕ್ಕೆ.

ಚಿಪ್ಸ್ ಪ್ಯಾಕೆಟ್ ಒಲೆಯ ಹತ್ತಿರ ಮುದುಡಿಕೊಳ್ಳುವುದನ್ನು ನೋಡಿರುತ್ತೀರಿ. ತಯಾರಿಸುವಾಗ ಎಳೆದು ಹಿಗ್ಗಿಸಿದ ಪ್ಲಾಸ್ಟಿಕ್ ಬಿಸಿ ತಾಗಿದರೆ ಮತ್ತೆ ಕುಗ್ಗುತ್ತದೆ. ಸೆಪರೇಟರ್ ಕೂಡ ಸಾಮಾನ್ಯವಾಗಿ ಎಳೆದು ಮಾಡಿದ ಹಾಳೆಯೇ. ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಾಲಿಎಥಿಲೀನ್ ಕರಗಿ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಕರೆಂಟ್ ನಿಲ್ಲುತ್ತದೆ. ಒಂಥರಾ ಫ್ಯೂಸ್ ಇದ್ದಂತೆ, ಜಾಣ ಉಪಾಯವೇ. ಆದರೆ ಬಿಸಿ ಇನ್ನೂ ಏರಿದರೆ ಹಾಳೆ ಕುಗ್ಗಿ ಪದರಗಳು ತಾಗುತ್ತವೆ, ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಅದರಿಂದ ಮತ್ತಷ್ಟು ಬಿಸಿ, ಕೊನೆಗೆ ಬೆಂಕಿ.

ಬಿಸಿಲಲ್ಲಿ ನಿಂತ ಕಾರಿನೊಳಗಿನ ಮೊಬೈಲ್ ಇಷ್ಟು ಕಾಯುವುದಿಲ್ಲ ನಿಜ. ಆದರೂ ಆ ಬಿಸಿಗೆ ಒಳಗಿನ ದ್ರಾವಣ ಬೇಗ ಕೆಟ್ಟು ಅನಿಲ ಹುಟ್ಟುತ್ತದೆ. ಬ್ಯಾಟರಿ ಉಬ್ಬಲು ಇದೂ ಒಂದು ಕಾರಣ.

ಇನ್ನು ಒತ್ತಡದ ವಿಷಯ. 2016ರಲ್ಲಿ ಹೊತ್ತಿ ಉರಿದು ಸುದ್ದಿಯಾದ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ನೆನಪಿದೆಯೇ? 2017ರ ಜನವರಿಯಲ್ಲಿ ಕಂಪನಿಯೇ ಕಾರಣ ತಿಳಿಸಿತು. ಮೊದಲ ಬ್ಯಾಟರಿಗಳಲ್ಲಿ ಮೇಲಿನ ಮೂಲೆಯಲ್ಲಿ ಜಾಗ ಸಾಲದೆ ನೆಗೆಟಿವ್ ಪದರ ಬಾಗಿತ್ತು. ಬದಲಿಗೆ ಕೊಟ್ಟ ಫೋನ್‌ಗಳ ಬ್ಯಾಟರಿ ಬೇರೆ ಕಂಪನಿಯದು. ಅದರಲ್ಲಿ ವೆಲ್ಡಿಂಗ್ ಮಾಡಿದಲ್ಲಿ ಉಳಿದಿದ್ದ ಚೂಪು ಉಬ್ಬುಗಳು ಸೆಪರೇಟರನ್ನು ಚುಚ್ಚಿದ್ದವು. ಕಣ್ಣಿಗೆ ಸರಿಯಾಗಿ ಕಾಣದ ಉಬ್ಬಿಗೇ ಇಷ್ಟು ಅನಾಹುತ! ಸೂಜಿಯಂತೂ ಒಂದೇ ಸಲಕ್ಕೆ ಹಲವು ಪದರಗಳನ್ನು ದಾಟಿ ಪಾಸಿಟಿವ್, ನೆಗೆಟಿವ್ ಎರಡನ್ನೂ ಜೋಡಿಸಿಬಿಡುತ್ತದೆ. ಹೊರಬರುವ ಅನಿಲವೂ ಹೊತ್ತಿಕೊಳ್ಳುವಂಥದ್ದು.

ಮೊಬೈಲ್ ಉಬ್ಬಿದ್ದರೆ ಸ್ವಿಚ್ ಆಫ್ ಮಾಡಿ, ಚಾರ್ಜ್‌ಗೆ ಹಾಕಬೇಡಿ. ಕವರನ್ನು ಒತ್ತಿ ಕೂರಿಸುವ ಪ್ರಯತ್ನವೂ ಬೇಡ. ಹಾಸಿಗೆ, ಬಟ್ಟೆಗಳಿಂದ ದೂರವಿಟ್ಟು, ಆದಷ್ಟು ಬೇಗ ಸರ್ವಿಸ್ ಸೆಂಟರ್‌ಗೆ ಕೊಡಿ. ತೆಗೆದ ಹಳೆ ಬ್ಯಾಟರಿ ಕಸದ ಬುಟ್ಟಿಗೆ ಬೀಳಬಾರದು, ಕಸದ ಲಾರಿಯಲ್ಲಿ ಅದು ಜಜ್ಜಿದರೂ ಇದೇ ಕಥೆ.