ವೆಬ್ ನಕ್ಷೆಗಳು: ಸರ್ವರ್ ತಂತ್ರಾಂಶಗಳ ಬೆಳವಣಿಗೆ ಮತ್ತು ದೋಷನಿವಾರಣೆಯ ಇತಿಹಾಸ

ಬ್ರೌಸರ್‌ನಲ್ಲಿ ತೆರೆದು, ಎಳೆದು ಸರಿಸಿ, ಹಿಗ್ಗಿಸಿ ಕುಗ್ಗಿಸಿ ನೋಡಬಹುದಾದ ಭೂಪಟಕ್ಕೆ ವೆಬ್ ನಕ್ಷೆ ಎಂದು ಹೆಸರು. ಇದರ ಹಿಂದೆ ಸಾಮಾನ್ಯವಾಗಿ ಮೂರು ಭಾಗಗಳಿರುತ್ತವೆ: ಭೌಗೋಳಿಕ ಮಾಹಿತಿಯನ್ನು ಇಟ್ಟುಕೊಂಡ ಡೇಟಾಬೇಸ್, ಕೇಳಿದ್ದನ್ನು ಅದರಿಂದ ತೆಗೆದುಕೊಡುವ ಸರ್ವರ್ ತಂತ್ರಾಂಶ, ತೆರೆಯ ಮೇಲೆ ತೋರಿಸುವ ಬ್ರೌಸರ್ ತಂತ್ರಾಂಶ. 1993ರಿಂದ ಈಚೆಗೆ ಈ ಕ್ಷೇತ್ರ ಬೆಳೆದದ್ದು ಒಂದೇ ಪ್ರಶ್ನೆಯ ಸುತ್ತ: ನಕ್ಷೆಯನ್ನು ಬಿಡಿಸುವ ಕೆಲಸ ಯಾರದು, ಸರ್ವರ್‌ನದೋ ಬ್ರೌಸರ್‌ನದೋ? ಉತ್ತರ ಬದಲಾದಾಗಲೆಲ್ಲ ದೋಷಗಳು ಹುಟ್ಟುವ ಜಾಗವೂ ಬದಲಾಯಿತು. ಆದರೆ ಅಕ್ಷಾಂಶ, ರೇಖಾಂಶಗಳನ್ನು ಅದಲುಬದಲು ಮಾಡುವಂಥ ಕೆಲವು ತಪ್ಪುಗಳು ಎಲ್ಲ ಕಾಲದಲ್ಲೂ ಉಳಿದುಕೊಂಡು ಬಂದಿವೆ.

ಆರಂಭದ ಹಂತ: ಕ್ಲಿಕ್ಕಿಗೊಂದು ಚಿತ್ರ

ಮೊದಲ ವೆಬ್ ನಕ್ಷೆಗಳಲ್ಲಿ ಹೆಸರಾದದ್ದು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿದ್ದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಸ್ಟೀವ್ ಪುಟ್ಜ್ 1993ರ ಜೂನ್‌ನಲ್ಲಿ ರೂಪಿಸಿದ ಮ್ಯಾಪ್ ವ್ಯೂವರ್. ಯಾವ ಭಾಗ ಬೇಕು, ಎಷ್ಟು ದೊಡ್ಡದಾಗಿ ಬೇಕು ಎಂಬುದೆಲ್ಲ ವೆಬ್ ವಿಳಾಸದಲ್ಲೇ ಅಡಗಿರುತ್ತಿತ್ತು. ಸರ್ವರ್ ಅದನ್ನು ಓದಿ ಜಿಐಎಫ್ ಚಿತ್ರವೊಂದನ್ನು ಬಿಡಿಸಿ ಕಳಿಸುತ್ತಿತ್ತು. ಸ್ವಲ್ಪ ಪೂರ್ವಕ್ಕೆ ಸರಿಯಬೇಕೆಂದರೂ ಇಡೀ ಪುಟ ಹೊಸದಾಗಿ ಬರಬೇಕಾಗಿತ್ತು. ಬ್ರೌಸರ್‌ಗೆ ಚಿತ್ರ ತೋರಿಸುವುದರ ಆಚೆಗೆ ಬೇರೆ ಕೆಲಸವಿರಲಿಲ್ಲ.

ಈ ಮಾದರಿಗೆ ಆಧಾರವಾದದ್ದು ಸಿಜಿಐ ಎಂಬ ವ್ಯವಸ್ಥೆ: ಬಂದ ಪ್ರತಿ ಕೋರಿಕೆಗೂ ವೆಬ್ ಸರ್ವರ್ ಒಂದು ಪ್ರೋಗ್ರಾಂ ಓಡಿಸಿ, ಅದು ಕೊಟ್ಟ ಉತ್ತರವನ್ನು ಹಿಂದಿರುಗಿಸುತ್ತದೆ. ಇದೇ ನೆಲೆಯಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ, ನಾಸಾ ಮತ್ತು ಆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಜೊತೆಗೂಡಿ ನಡೆದ ಅರಣ್ಯ ಮಾಹಿತಿ ಯೋಜನೆಯೊಂದರಿಂದ 1990ರ ದಶಕದ ನಡುವೆ ಮ್ಯಾಪ್‌ಸರ್ವರ್ ಹುಟ್ಟಿತು. ಅದನ್ನು ರೂಪಿಸಿದವರು ಸ್ಟೀವ್ ಲೈಮ್. ಯಾವ ಪದರ ಮೇಲೆ, ಯಾವುದು ಕೆಳಗೆ, ಯಾವ ಬಣ್ಣ ಎಂಬುದನ್ನೆಲ್ಲ 'ಮ್ಯಾಪ್‌ಫೈಲ್' ಎಂಬ ಪಠ್ಯ ಕಡತದಲ್ಲಿ ಬರೆದಿಟ್ಟರೆ ಸಾಕಾಗಿತ್ತು. ಮುಂದೆ ಇದು ಮುಕ್ತ ತಂತ್ರಾಂಶವಾಗಿ ಹಲವು ದೇಶಗಳಿಗೆ ಹರಡಿತು. 1996ರಲ್ಲಿ ಬಂದ ಮ್ಯಾಪ್‌ಕ್ವೆಸ್ಟ್ ಇದೇ ಬಗೆಯ ಸೇವೆಯನ್ನು ಜನಸಾಮಾನ್ಯರ ಬಳಿಗೆ ತಂದಿತು.

ಈ ಕಾಲದ ದೋಷಗಳೆಲ್ಲ ಸರ್ವರ್ ಒಳಗಿನವು. ಚಿತ್ರ ಉಳಿಸುವ ಫೋಲ್ಡರ್‌ಗೆ ಬರೆಯುವ ಅನುಮತಿ ಇಲ್ಲದಿರುವುದು, ಮ್ಯಾಪ್‌ಫೈಲ್‌ನಲ್ಲಿ ಕೊಟ್ಟ ದಾರಿಯಲ್ಲಿ ಕಡತವೇ ಇಲ್ಲದಿರುವುದು, ಫಾಂಟ್ ಸಿಗದಿರುವುದು ಸಾಮಾನ್ಯವಾಗಿತ್ತು. ಬಳಕೆದಾರರಿಗೆ ಕಾಣುತ್ತಿದ್ದದ್ದು ಮಾತ್ರ ಮುರಿದ ಚಿತ್ರದ ಗುರುತು. ಚಿತ್ರದ ವಿಳಾಸವನ್ನು ಪ್ರತ್ಯೇಕ ಕಿಟಕಿಯಲ್ಲಿ ತೆರೆದರೆ ಸರ್ವರ್‌ನ ನಿಜವಾದ ದೂರು ಅಕ್ಷರಗಳಲ್ಲಿ ಸಿಗುತ್ತಿತ್ತು. ಈ ಉಪಾಯ ಇಂದಿಗೂ ಕೆಲಸ ಮಾಡುತ್ತದೆ.

ಮಾನದಂಡಗಳು ಮತ್ತು ಡೇಟಾಬೇಸ್

ಒಂದೊಂದು ಸಂಸ್ಥೆಯ ನಕ್ಷೆ ಒಂದೊಂದು ಭಾಷೆಯಲ್ಲಿ ಮಾತಾಡುವ ತೊಡಕನ್ನು ಬಿಡಿಸಲು 1994ರಲ್ಲಿ ಓಪನ್ ಜಿಐಎಸ್ ಒಕ್ಕೂಟ ಸ್ಥಾಪನೆಯಾಯಿತು. ಅದು 2000ದಲ್ಲಿ ಡಬ್ಲ್ಯುಎಂಎಸ್ ಎಂಬ ಮಾನದಂಡ ಪ್ರಕಟಿಸಿತು. ಯಾವುದೇ ಸರ್ವರ್‌ಗೆ ಒಂದೇ ರೀತಿಯಲ್ಲಿ ಕೋರಿಕೆ ಕಳಿಸಿ ನಕ್ಷೆಯ ಚಿತ್ರ ಪಡೆಯಲು ಇದರಿಂದ ಸಾಧ್ಯವಾಯಿತು. 2001ರಲ್ಲಿ ಎರಡು ಮುಖ್ಯ ಯೋಜನೆಗಳು ಆರಂಭವಾದವು: ನ್ಯೂಯಾರ್ಕ್‌ನಲ್ಲಿ ಜಾವಾ ಭಾಷೆಯ ಜಿಯೋಸರ್ವರ್, ಕೆನಡಾದ ವಿಕ್ಟೋರಿಯಾದಲ್ಲಿ ರಿಫ್ರಾಕ್ಷನ್ಸ್ ರಿಸರ್ಚ್ ಕಂಪನಿಯ ಪೋಸ್ಟ್‌ಜಿಐಎಸ್. ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಬಿಂದು, ರೇಖೆ, ಬಹುಭುಜಗಳನ್ನು ಅರ್ಥಮಾಡಿಕೊಳ್ಳುವ ಶಕ್ತಿ ಕೊಟ್ಟದ್ದು ಪೋಸ್ಟ್‌ಜಿಐಎಸ್. 'ಈ ಹಳ್ಳಿಯ ಎಲ್ಲೆಯೊಳಗೆ ಯಾವ ಕೆರೆಗಳಿವೆ' ಎಂಬಂಥ ಪ್ರಶ್ನೆಗೆ ಉತ್ತರ ಆಮೇಲೆ ಡೇಟಾಬೇಸ್‌ನೊಳಗೇ ಸಿಗತೊಡಗಿತು.

ಮಾನದಂಡಗಳು ಒಂದು ಹೊಸ ಗೊಂದಲವನ್ನೂ ತಂದವು. ಡಬ್ಲ್ಯುಎಂಎಸ್‌ನ 1.1.1 ಆವೃತ್ತಿಯಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. 2006ರ 1.3.0 ಆವೃತ್ತಿಯಲ್ಲಿ, ಇಪಿಎಸ್‌ಜಿ 4326 ಎಂಬ ನಿರ್ದೇಶಾಂಕ ಪದ್ಧತಿಗೆ ಈ ಕ್ರಮ ತಿರುಗುಮುರುಗಾಯಿತು. ಆವೃತ್ತಿಯ ಸಂಖ್ಯೆ ಮಾತ್ರ ಬದಲಿಸಿ ಉಳಿದದ್ದನ್ನು ಹಾಗೇ ಬಿಟ್ಟವರಿಗೆ ಸಿಕ್ಕಿದ್ದು ಖಾಲಿ ಚಿತ್ರ. ಸರ್ವರ್ ದೋಷದ ಸಂದೇಶವನ್ನೇ ಕೊಡುತ್ತಿರಲಿಲ್ಲ, ಏಕೆಂದರೆ ಅದರ ಮಟ್ಟಿಗೆ ಕೋರಿಕೆ ಸರಿಯಾಗಿಯೇ ಇತ್ತು.

2005: ಟೈಲ್‌ಗಳ ಬರವು

2005ರ ಫೆಬ್ರವರಿಯಲ್ಲಿ ಗೂಗಲ್ ಮ್ಯಾಪ್ಸ್ ಬಂದಾಗ ಚಿತ್ರ ಪೂರ್ತಿ ಬದಲಾಯಿತು. ಇದರ ಮೂಲ, ಸಿಡ್ನಿಯಲ್ಲಿ ಲಾರ್ಸ್ ಮತ್ತು ಯೆನ್ಸ್ ರಾಸ್ಮುಸೆನ್ ಸಹೋದರರು ಗೆಳೆಯರೊಡನೆ ಕಟ್ಟಿದ್ದ ವೇರ್ 2 ಟೆಕ್ನಾಲಜೀಸ್ ಕಂಪನಿ. ಗೂಗಲ್ ಅದನ್ನು 2004ರಲ್ಲಿ ಕೊಂಡಿತ್ತು. ಭೂಪಟವನ್ನು 256 ಪಿಕ್ಸೆಲ್ ಅಗಲ, ಅಷ್ಟೇ ಎತ್ತರದ ಟೈಲ್‌ಗಳಾಗಿ ಮೊದಲೇ ಕತ್ತರಿಸಿಟ್ಟರು. ಬಳಕೆದಾರರು ನಕ್ಷೆಯನ್ನು ಎಳೆದಂತೆ ಬೇಕಾದ ಟೈಲ್‌ಗಳನ್ನಷ್ಟೇ ಬ್ರೌಸರ್ ತರಿಸಿ ಜೋಡಿಸುತ್ತಿತ್ತು. ಪುಟ ಮತ್ತೆ ತೆರೆಯುವ ಅಗತ್ಯ ಇಲ್ಲವಾಯಿತು.

ಟೈಲ್‌ಗಳ ಲೆಕ್ಕ ಸರಳ. ಸೊನ್ನೆಯ ಹಂತದಲ್ಲಿ ಇಡೀ ಜಗತ್ತಿಗೆ ಒಂದು ಟೈಲ್. ಪ್ರತಿ ಮುಂದಿನ ಹಂತದಲ್ಲಿ ನಾಲ್ಕು ಪಟ್ಟು. 18ನೆಯ ಹಂತಕ್ಕೆ ಬಂದರೆ ಸಂಖ್ಯೆ 6,871 ಕೋಟಿ ಮೀರುತ್ತದೆ. ಎಲ್ಲವನ್ನೂ ಮುಂಚಿತವಾಗಿ ಬಿಡಿಸಿಡುವುದು ಸಣ್ಣ ಸಂಸ್ಥೆಗಳಿಗೆ ಆಗದ ಮಾತು. ಹಾಗಾಗಿ ಮೊದಲ ಸಲ ಕೇಳಿದಾಗ ಬಿಡಿಸಿ, ಆಮೇಲೆ ಸಂಗ್ರಹದಿಂದ ಕೊಡುವ ಕ್ರಮ ಬೆಳೆಯಿತು. 2004ರಲ್ಲಿ ಸ್ಟೀವ್ ಕೋಸ್ಟ್ ಆರಂಭಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್ ಮಾಹಿತಿಯನ್ನು, ಆರ್ಟೆಮ್ ಪಾವ್ಲೆಂಕೊ ಬರೆದ ಮ್ಯಾಪ್ನಿಕ್ ತಂತ್ರಾಂಶ ಟೈಲ್‌ಗಳಾಗಿ ಬಿಡಿಸಿಕೊಡುತ್ತಿತ್ತು. ತೋರಿಸುವ ಕಡೆಗೆ 2006ರಲ್ಲಿ ಓಪನ್‌ಲೇಯರ್ಸ್, 2011ರಲ್ಲಿ ಉಕ್ರೇನಿನ ವೊಲೊದಿಮಿರ್ ಅಗಾಫೊಂಕಿನ್ ಬರೆದ ಪುಟ್ಟ ಗಾತ್ರದ ಲೀಫ್ಲೆಟ್ ಬಂದವು.

ಫ್ರೇಮ್‌ವರ್ಕ್‌ಗಳ ಜೊತೆ ನಂಟು

ನಕ್ಷೆ ಮತ್ತು ವೆಬ್ ಫ್ರೇಮ್‌ವರ್ಕ್‌ಗಳು ಸೇರಿದ್ದೂ 2005ರ ಆಸುಪಾಸಿನಲ್ಲೇ. ಪತ್ರಕರ್ತ ಹಾಗೂ ಪ್ರೋಗ್ರಾಮರ್ ಏಡ್ರಿಯನ್ ಹೊಲೊವಾಟಿ ಆ ವರ್ಷ ಷಿಕಾಗೊ ಪೊಲೀಸರ ಅಪರಾಧ ದಾಖಲೆಗಳನ್ನು ಗೂಗಲ್ ನಕ್ಷೆಯ ಮೇಲೆ ಕೂರಿಸಿದರು. ಬೇರೆ ತಾಣಗಳು ಆ ನಕ್ಷೆಯನ್ನು ಬಳಸಿಕೊಳ್ಳಲು ಬೇಕಾದ ಅಧಿಕೃತ ಎಪಿಐ ಇನ್ನೂ ಬಂದಿರಲಿಲ್ಲ. ಗೂಗಲ್ ಅದನ್ನು ಬಿಡುಗಡೆ ಮಾಡಿದ್ದು ಜೂನ್‌ನಲ್ಲಿ. ಕಾನ್ಸಾಸ್‌ನ ಲಾರೆನ್ಸ್ ಎಂಬ ಊರಿನ ಪತ್ರಿಕಾ ಕಚೇರಿಯಲ್ಲಿ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಕಟ್ಟಿದ್ದ ಜ್ಯಾಂಗೊ ಫ್ರೇಮ್‌ವರ್ಕ್ ಅದೇ ವರ್ಷದ ಜುಲೈನಲ್ಲಿ ಸಾರ್ವಜನಿಕವಾಯಿತು. 2008ರ ಸೆಪ್ಟೆಂಬರ್‌ನ ಜ್ಯಾಂಗೊ 1.0 ಆವೃತ್ತಿಯಲ್ಲಿ ಭೌಗೋಳಿಕ ಮಾಹಿತಿ ನಿಭಾಯಿಸುವ ಜಿಯೋಜ್ಯಾಂಗೊ ಅದರ ಭಾಗವಾಯಿತು. ರೂಬಿ ಆನ್ ರೈಲ್ಸ್ ಬಳಸುವವರಿಗೂ ಇಂಥದೇ ಸಲಕರಣೆಗಳು ಒದಗಿದವು.

ಇದರಿಂದ ಸರ್ವರ್‌ನ ಪಾತ್ರ ಬದಲಾಯಿತು. ಹಿನ್ನೆಲೆಯ ಟೈಲ್‌ಗಳನ್ನು ಬೇರೆಯವರು ಕೊಡುತ್ತಾರೆ. ಫ್ರೇಮ್‌ವರ್ಕ್ ತನ್ನ ಡೇಟಾಬೇಸ್‌ನಿಂದ ಬಿಂದು, ಎಲ್ಲೆಗಳನ್ನು ಪಠ್ಯರೂಪದಲ್ಲಿ ಕಳಿಸುತ್ತದೆ. ಬ್ರೌಸರ್ ಎರಡನ್ನೂ ಒಂದರ ಮೇಲೊಂದು ಇಡುತ್ತದೆ. ಈ ಪಠ್ಯಕ್ಕೆ 2008ರಲ್ಲಿ ಜಿಯೋಜೇಸನ್ ಎಂಬ ರೂಪ ಬಂತು. 2016ರಲ್ಲಿ ಅದು ಆರ್‌ಎಫ್‌ಸಿ 7946 ಎಂಬ ಅಂತರ್ಜಾಲ ಮಾನದಂಡವಾಯಿತು.

ಸಾಮಾನ್ಯ ದೋಷಗಳು

ಸ್ಥಾನ ತಪ್ಪುವುದು. ಜಿಯೋಜೇಸನ್‌ನಲ್ಲಿ ರೇಖಾಂಶ ಮೊದಲು ಬರಬೇಕು, ಲೀಫ್ಲೆಟ್‌ನಲ್ಲಿ ಅಕ್ಷಾಂಶ. ಬೆಂಗಳೂರು ಇರುವುದು ಸುಮಾರು 12.97 ಉತ್ತರ ಅಕ್ಷಾಂಶ, 77.59 ಪೂರ್ವ ರೇಖಾಂಶದಲ್ಲಿ. ಇವೆರಡು ಅದಲುಬದಲಾದರೆ ಗುರುತು ನಾರ್ವೆಯ ಉತ್ತರಕ್ಕೆ, ಸ್ವಾಲ್ಬಾರ್ಡ್ ದ್ವೀಪಗಳ ಪಡುವಣ ಕಡಲಿಗೆ ಹೋಗಿ ಬೀಳುತ್ತದೆ. ಅದೇ ಅಂಕಿಗಳನ್ನು ಡಿಗ್ರಿ ಎನ್ನುವ ಬದಲು ಮೀಟರ್ ಎಂದು ತಂತ್ರಾಂಶ ಓದಿದರೆ ಬೆಂಗಳೂರು ಆಫ್ರಿಕಾದ ಗಿನಿ ಕೊಲ್ಲಿಯಲ್ಲಿ, ಸೊನ್ನೆ ಅಕ್ಷಾಂಶ ಸೊನ್ನೆ ರೇಖಾಂಶದಿಂದ ನೂರು ಮೀಟರ್ ಒಳಗೆ ನಿಲ್ಲುತ್ತದೆ. ಗುರುತು ಎಲ್ಲಿ ಬಿದ್ದಿದೆ ಎಂದು ನೋಡಿದರೆ ತಪ್ಪು ಯಾವುದೆಂದು ಅರ್ಧ ತಿಳಿದ ಹಾಗೆ: ಉತ್ತರ ಧ್ರುವದ ಕಡೆಗಾದರೆ ಕ್ರಮದ ತಪ್ಪು, ಗಿನಿ ಕೊಲ್ಲಿಯಾದರೆ ಮಾನದ ತಪ್ಪು. 2019ರಲ್ಲಿ ಜಿಡಿಎಎಲ್ ಗ್ರಂಥಾಲಯದ 3.0 ಆವೃತ್ತಿ ಇಪಿಎಸ್‌ಜಿ ಹೇಳಿದ ಕ್ರಮವನ್ನೇ ಪಾಲಿಸತೊಡಗಿದ್ದರಿಂದ, ಸರಿಯಾಗಿ ನಡೆಯುತ್ತಿದ್ದ ಪ್ರೋಗ್ರಾಂಗಳೂ ಹೊಸ ಆವೃತ್ತಿ ಹಾಕಿದೊಡನೆ ತಲೆಕೆಳಗಾದವು.

ಪದ್ಧತಿಗಳ ಬೆರಕೆ. ಟೈಲ್ ನಕ್ಷೆಗಳು ವೆಬ್ ಮರ್ಕೇಟರ್ ಪ್ರಕ್ಷೇಪ ಬಳಸುತ್ತವೆ. ಅದರ ಸಂಖ್ಯೆ ಇಪಿಎಸ್‌ಜಿ 3857. ಜಿಪಿಎಸ್ ಕೊಡುವುದು 4326. ಎರಡನ್ನು ಹಾಗೇ ಹೋಲಿಸಿದರೆ ಪೋಸ್ಟ್‌ಜಿಐಎಸ್ ನಿರಾಕರಿಸುತ್ತದೆ; ಇದು ಒಳ್ಳೆಯ ದೋಷ, ಕಾರಣ ಬಾಯಿಬಿಟ್ಟು ಹೇಳುತ್ತದೆ. ಕಡತಕ್ಕೆ ತಪ್ಪು ಸಂಖ್ಯೆ ಅಂಟಿಸಿದ್ದರೆ ಮಾತ್ರ ದೂರು ಬರುವುದಿಲ್ಲ. ಸಂಖ್ಯೆ ಅಂಟಿಸುವುದು ಬೇರೆ, ಅಂಕಿಗಳನ್ನು ಪರಿವರ್ತಿಸುವುದು ಬೇರೆ ಎಂಬುದನ್ನು ಮರೆತಾಗ ಆಗುವ ತಪ್ಪಿದು.

ಟೈಲ್ ಸಿಗದಿರುವುದು. ಗೂಗಲ್ ಕ್ರಮದಲ್ಲಿ ಸಾಲುಗಳನ್ನು ಉತ್ತರದಿಂದ ಎಣಿಸುತ್ತಾರೆ, ಟಿಎಂಎಸ್ ಎಂಬ ಕ್ರಮದಲ್ಲಿ ದಕ್ಷಿಣದಿಂದ. 10ನೆಯ ಹಂತದಲ್ಲಿ ಬೆಂಗಳೂರಿನ ಟೈಲ್ 732ನೆಯ ಕಂಬಸಾಲಿನ 474ನೆಯದು. ಟಿಎಂಎಸ್‌ನಲ್ಲಿ ಅದೇ 549. ಒಂದರ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಟ್ಟರೆ ಹಿಂದೂ ಮಹಾಸಾಗರದ ಬರಿ ನೀಲಿ ಬರುತ್ತದೆ. ಲೀಫ್ಲೆಟ್‌ನಲ್ಲಿ ನಕ್ಷೆಯ ಪೆಟ್ಟಿಗೆಗೆ ಎತ್ತರ ಗೊತ್ತುಮಾಡದಿದ್ದರೆ ಟೈಲ್‌ಗಳು ಸರಿಯಿದ್ದರೂ ಏನೂ ಕಾಣುವುದಿಲ್ಲ.

ಬ್ರೌಸರ್ ತಡೆಯುವುದು. ಒಂದು ತಾಣದ ಪುಟ ಇನ್ನೊಂದು ತಾಣದ ಮಾಹಿತಿಯನ್ನು ಅನುಮತಿಯಿಲ್ಲದೆ ಓದಬಾರದೆಂಬ ನಿಯಮ ಬ್ರೌಸರ್‌ಗಳಲ್ಲಿ ಮೊದಲಿನಿಂದ ಇದೆ. ಅದಕ್ಕೆ ದಾರಿಯಾಗಿ ನಡುವೆ ಒಂದು ಪ್ರಾಕ್ಸಿ ಪ್ರೋಗ್ರಾಂ ಇಡುತ್ತಿದ್ದರು. ಮುಂದೆ ಸಿಒಆರ್‌ಎಸ್ ಎಂಬ ವ್ಯವಸ್ಥೆ 2014ರಲ್ಲಿ ಮಾನದಂಡವಾಯಿತು. ಇಲ್ಲಿ ಪುಟದಲ್ಲಿ ಏನು ತಿದ್ದಿದರೂ ಫಲವಿಲ್ಲ. ಅನುಮತಿ ಕೊಡಬೇಕಾದದ್ದು ಮಾಹಿತಿ ಇರುವ ಸರ್ವರ್.

ಸ್ಥಾಪನೆ ಮತ್ತು ವೇಗ. ಜಿಯೋಜ್ಯಾಂಗೊ ಸ್ವತಃ ಪೈಥಾನ್‌ನಲ್ಲಿದ್ದರೂ ಜಿಡಿಎಎಲ್, ಜಿಇಒಎಸ್, ಪ್ರಾಜ್ ಎಂಬ ಸಿ ಮತ್ತು ಸಿ++ ಗ್ರಂಥಾಲಯಗಳ ಮೇಲೆ ನಿಂತಿದೆ. ಅವು ಇರುವ ದಾರಿ ತಿಳಿಯದಿದ್ದರೆ ಯೋಜನೆ ಆರಂಭವೇ ಆಗುವುದಿಲ್ಲ. ವಿಂಡೋಸ್‌ನಲ್ಲಿ ಇದು ಹೆಚ್ಚು. ನಕ್ಷೆ ನಿಧಾನವಾದರೆ ಮೊದಲು ನೋಡಬೇಕಾದದ್ದು ಸ್ಥಾನಿಕ ಸೂಚಿ ಇದೆಯೇ ಎಂಬುದನ್ನು. ಆಮೇಲೆ, ಬೇಕಾದ ಚೌಕದೊಳಗಿನದನ್ನು ಮಾತ್ರ ಕೇಳುವ ಬದಲು ಇಡೀ ಪಟ್ಟಿಯನ್ನೇ ಕಳಿಸುತ್ತಿದ್ದೇವೆಯೇ ಎಂಬುದನ್ನು.

ದರ ಮತ್ತು ಬಿಲ್ಲಿಂಗ್. 2018ರಲ್ಲಿ ಗೂಗಲ್ ತನ್ನ ನಕ್ಷೆ ಎಪಿಐಗೆ ಹೊಸ ದರ ಹಾಕಿ ಬಿಲ್ಲಿಂಗ್ ಖಾತೆಯನ್ನು ಕಡ್ಡಾಯ ಮಾಡಿತು. ಅದಿಲ್ಲದ ತಾಣಗಳಲ್ಲಿ ನಕ್ಷೆ ಮಸುಕಾಗಿ, ಅಭಿವೃದ್ಧಿಯ ಬಳಕೆಗೆ ಮಾತ್ರ ಎಂಬ ಇಂಗ್ಲಿಷ್ ಬರಹ ಅಡ್ಡಲಾಗಿ ಕಾಣತೊಡಗಿತು. ಕೋಡ್ ಸರಿಯಿದ್ದೂ ನಕ್ಷೆ ಕೆಡಬಹುದೆಂದು ಇದು ತೋರಿಸಿತು. ಮುಕ್ತ ತಂತ್ರಾಂಶದ ಕಡೆಗೆ ವಾಲಲು ಹಲವರಿಗೆ ಇದೂ ಒಂದು ಕಾರಣವಾಯಿತು.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ನಕ್ಷೆಗಳ ಮೇಲಿನ ಬಿಗಿ ನಿಯಮಗಳು ಬಹುಕಾಲ ಉಳಿದವು. 2005ರ ರಾಷ್ಟ್ರೀಯ ನಕ್ಷಾ ನೀತಿ ಸಾರ್ವಜನಿಕ ಬಳಕೆಗೆ ಪ್ರತ್ಯೇಕ ಸರಣಿಯನ್ನು ಡಬ್ಲ್ಯುಜಿಎಸ್ 84 ಆಧಾರದಲ್ಲಿ ತಂದಿತು. ಹಳೆಯ ನಕ್ಷೆಗಳು ಭೂಮಿಯ ಆಕಾರಕ್ಕೆ ಎವರೆಸ್ಟ್ ದೀರ್ಘವೃತ್ತಜ ಎಂಬ ಮಾದರಿಯನ್ನು ಆಧರಿಸಿದ್ದವು. ಅವನ್ನು ಪರಿವರ್ತಿಸದೆ ಹೊಸ ನಕ್ಷೆಯ ಮೇಲೆ ಇಟ್ಟರೆ ನೂರು ಮೀಟರ್‌ಗೂ ಹೆಚ್ಚು ಸರಿದು ಕೂರುತ್ತವೆ. 2009ರ ಆಗಸ್ಟ್‌ನಲ್ಲಿ ಇಸ್ರೊ ಭುವನ್ ತಾಣವನ್ನು ಆರಂಭಿಸಿತು. 2021ರ ಫೆಬ್ರವರಿಯ ಮಾರ್ಗಸೂಚಿ ಭಾರತೀಯ ಸಂಸ್ಥೆಗಳಿಗೆ ಪೂರ್ವಾನುಮತಿಯ ಕಟ್ಟಳೆಯನ್ನು ತೆಗೆದುಹಾಕಿತು.

ಕರ್ನಾಟಕದಲ್ಲಿ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರವು ಕೆ-ಜಿಐಎಸ್ ಪೋರ್ಟಲ್ ಮತ್ತು ದಿಶಾಂಕ್ ಆ್ಯಪ್ ರೂಪಿಸಿದೆ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಜಮೀನು ನೋಡಲು ಹೋಗುವವರ ಮೊಬೈಲ್‌ಗಳಲ್ಲಿ ಸಾಮಾನ್ಯ. ರಾಜ್ಯದ ನಕ್ಷೆ ಮಾಡುವವರಿಗೆ ಒಂದು ವಿಶೇಷ ತೊಡಕಿದೆ: ಭೂಮಿಯನ್ನು ರೇಖಾಂಶದ ಪ್ರಕಾರ ವಲಯಗಳಾಗಿ ಹಂಚುವ ಯುಟಿಎಂ ಪದ್ಧತಿಯ 43ನೆಯ ವಲಯ 78 ಡಿಗ್ರಿ ಪೂರ್ವಕ್ಕೆ ಮುಗಿಯುತ್ತದೆ. ಬೆಂಗಳೂರು ಆ ವಲಯದೊಳಗಿದೆ, ಕೋಲಾರ ಪಟ್ಟಣ 44ರಲ್ಲಿದೆ. ಎರಡೂ ಕಡೆಯ ಕಡತಗಳಿಗೆ 43ರ ಸಂಖ್ಯೆಯನ್ನೇ ಹಾಕಿದರೆ ಕೋಲಾರ ಹಲವು ನೂರು ಕಿಲೋಮೀಟರ್ ಪಶ್ಚಿಮಕ್ಕೆ, ಅರಬ್ಬಿ ಸಮುದ್ರಕ್ಕೆ ಜಾರುತ್ತದೆ.

ಕನ್ನಡ ಅಕ್ಷರಗಳು ಮತ್ತು ಇತ್ತೀಚಿನ ಹಂತ

2010ರ ದಶಕದಲ್ಲಿ ಮ್ಯಾಪ್‌ಬಾಕ್ಸ್ ಕಂಪನಿ ವೆಕ್ಟರ್ ಟೈಲ್‌ಗಳನ್ನು ಜನಪ್ರಿಯಗೊಳಿಸಿತು. ಸರ್ವರ್ ಕಳಿಸುವುದು ಚಿತ್ರವನ್ನಲ್ಲ, ರೇಖೆ ಮತ್ತು ಹೆಸರುಗಳ ಮಾಹಿತಿಯನ್ನು, ಬಿಡಿಸುವುದು ಬ್ರೌಸರ್. 2017ರ ಪೋಸ್ಟ್‌ಜಿಐಎಸ್ 2.4 ಇಂಥ ಟೈಲ್‌ಗಳನ್ನು ಡೇಟಾಬೇಸ್‌ನಿಂದ ನೇರವಾಗಿ ಕೊಡಬಲ್ಲದು. 2020ರ ಡಿಸೆಂಬರ್‌ನಲ್ಲಿ ಮ್ಯಾಪ್‌ಬಾಕ್ಸ್ ತನ್ನ ಬ್ರೌಸರ್ ತಂತ್ರಾಂಶದ ಮುಕ್ತ ಪರವಾನಗಿ ಕೈಬಿಟ್ಟಾಗ ಸಮುದಾಯವು ಹಳೆಯ ಆವೃತ್ತಿಯಿಂದ ಮ್ಯಾಪ್‌ಲಿಬ್ರೆ ಕಟ್ಟಿತು.

ಕನ್ನಡ ಹೆಸರುಗಳಿಗೆ ವೆಕ್ಟರ್ ಟೈಲ್‌ಗಳು ಹೊಸ ಕಷ್ಟ ತಂದವು. ಹಿಂದೆ ಇದ್ದ ತೊಂದರೆ ಸಂಕೇತದ್ದು: ಶೇಪ್‌ಫೈಲ್‌ಗೆ ಯುನಿಕೋಡ್ ಎಂದು ಹೇಳದಿದ್ದರೆ ಊರುಗಳ ಹೆಸರು ಪ್ರಶ್ನಾರ್ಥಕ ಚಿಹ್ನೆಗಳಾಗುತ್ತಿದ್ದವು, ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಸಂಕೇತದಲ್ಲಿ ಬೆರಳಚ್ಚು ಮಾಡಿದವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿದ್ದವು. ಪರಿವರ್ತಿಸಿದರೆ ಅದು ಸರಿಹೋಗುತ್ತದೆ. ವೆಕ್ಟರ್ ನಕ್ಷೆಯ ತೊಂದರೆ ಇನ್ನೂ ಆಳದ್ದು. ಮ್ಯಾಪ್‌ಬಾಕ್ಸ್ ಕ್ರಮದಲ್ಲಿ ಒಂದು ಸಂಕೇತಕ್ಕೆ ಒಂದು ಅಕ್ಷರರೂಪ ಎಂದು ಹಿಡಿದು ಬರಹ ಜೋಡಿಸಿದ್ದರಿಂದ ಒತ್ತಕ್ಷರಗಳು ಬಿಡಿಬಿಡಿಯಾದವು. ಚಿಕ್ಕಮಗಳೂರಿನ 'ಕ್ಕ' ಒತ್ತಾಗದೆ ಎರಡು ತುಂಡಾಗಿ ನಿಂತಿತು. ಸರ್ವರ್‌ನಲ್ಲಿ ಬಿಡಿಸುವ ಮ್ಯಾಪ್ನಿಕ್ 3.0 ಮಾತ್ರ ಹಾರ್ಫ್‌ಬಜ್ ಗ್ರಂಥಾಲಯದ ನೆರವಿನಿಂದ ಒತ್ತು, ಗುಣಿತಗಳನ್ನು ಸರಿಯಾಗಿ ಕೂಡಿಸಬಲ್ಲದು. ವೇಗ ಮತ್ತು ಚಂದದಲ್ಲಿ ಬ್ರೌಸರ್ ಬಿಡಿಸುವ ನಕ್ಷೆ ಮುಂದಿದ್ದರೂ, ಊರಿನ ಹೆಸರು ಕನ್ನಡದಲ್ಲಿ ತಪ್ಪಿಲ್ಲದೆ ಓದಿಸಬೇಕೆಂದರೆ ಸರ್ವರ್ ಬಿಡಿಸಿದ ಚಿತ್ರವೇ ಹೆಚ್ಚು ಭರವಸೆಯ ದಾರಿ.