ಗೆದ್ದಲು, ಒರಲೆ, ಈಸಲು

ರಾಜಕಾರಣಿಯ ಭಾಷಣದಲ್ಲಿ ಗೆದ್ದಲು ಬಂದರೆ ಅದು ಹುಳವಲ್ಲ, ಎದುರು ಪಕ್ಷ. ಸಂಪಾದಕೀಯದಲ್ಲಿ ಬಂದರೆ ಭ್ರಷ್ಟಾಚಾರ. ‘ಗೆದ್ದಲು ಹಿಡಿದ ವ್ಯವಸ್ಥೆ’ ಎಂದು ಓದಿ ಓದಿ, ಈಗ ಆ ಮಾತಿಗೇ ಗೆದ್ದಲು ಹಿಡಿದಿದೆ. ಹಾಗೆ ನೋಡಿದರೆ ಮಾತು ಹುಟ್ಟಿದ್ದು ಬಾಗಿಲ ಚೌಕಟ್ಟಿನಲ್ಲಿ. ಮೇಲಿನ ಬಣ್ಣ ಮಾಸಿರುವುದಿಲ್ಲ, ಬೆರಳಲ್ಲಿ ಕುಟ್ಟಿದರೆ ಟೊಳ್ಳು ಸದ್ದು, ಪಕ್ಕದ ಗೋಡೆಗುಂಟ ಪೆನ್ಸಿಲಿನಷ್ಟು ದಪ್ಪದ ಮಣ್ಣಿನ ಗೆರೆ. ಕರಾವಳಿ, ಮಲೆನಾಡಿನವರಿಗೆ ಇದು ಒರಲೆ. ‘ಒರಲೆ ಹತ್ತಿದೆ, ಗೇರೆಣ್ಣೆ ಬಳೀರಿ’ ಎಂದು ಹೇಳುವ ಬಡಗಿಗೆ ವ್ಯವಸ್ಥೆಯ ಚಿಂತೆಯಿಲ್ಲ.

ತೆಲುಗಿನಲ್ಲಿ ಇದು ಚೆದಲು, ಮಲಯಾಳದಲ್ಲಿ ಚಿತಲ್. ನಮ್ಮ ಕಿವಿ ಅವರಲ್ಲಿ ಚೆವಿಯಾಗುವ ಹಾಗೆಯೇ ಇದೂ: ಅವರ ಚಕಾರದ ಜಾಗದಲ್ಲಿ ನಮ್ಮದು ಗಂಟಲ ಸದ್ದು. ಇಂಗ್ಲಿಷರು ಇದನ್ನು ಬಿಳಿ ಇರುವೆ ಎಂದು ಕರೆದುಬಿಟ್ಟರು. ಕನ್ನಡ ಬೇರೆ ಹೆಸರನ್ನೇ ಇಟ್ಟುಕೊಂಡಿತ್ತು. ಅದೇ ಸರಿ. ಇರುವೆ ಕಣಜ, ಜೇನಿನ ನೆಂಟ. ಗೆದ್ದಲು ಜಿರಲೆಯ ನೆಂಟ. ಆದರೆ ಗಾದೆಗೆ ಬಂದಾಗ ನಾವೂ ಲೆಕ್ಕ ತಪ್ಪುತ್ತೇವೆ. ಇರುವೆ ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತು ಎನ್ನುವವರೇ ಹೆಚ್ಚು. ಶ್ರವಣಬೆಳಗೊಳದ ಗೊಮ್ಮಟನ ಕಾಲಬಳಿ 10ನೇ ಶತಮಾನದ ಶಿಲ್ಪಿಗಳು ಕಡೆದಿರುವ, ಹಾವು ಹೊರಚಾಚಿದ ಹುತ್ತವನ್ನು ನೋಡಿಯೂ ಅದನ್ನೇ ಹೇಳುತ್ತೇವೆ. ಪಾಪ, ಕಟ್ಟಿದ್ದು ಗೆದ್ದಲು.

ಗಾದೆ ಅದಲುಬದಲು ಮಾಡಿದ ಈ ಇಬ್ಬರು ಬದ್ಧವೈರಿಗಳು ಬೇರೆ. ಗೆದ್ದಲಿಗೆ ಇರುವೆಯಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ಗೋಡೆಯ ಮಣ್ಣಿನ ಗೆರೆಯನ್ನು ಒಂದಂಗುಲ ಕೆರೆದು ನೋಡಿ. ದಪ್ಪ ತಲೆಯ ಕಾವಲುಗಾರರು ಬಿರುಕಿಗೆ ಬಂದು ನಿಲ್ಲುತ್ತಾರೆ, ಹಿಂದಿನಿಂದ ಆಳುಗಳು ಒದ್ದೆ ಮಣ್ಣು ತಂದು ಮೆತ್ತುತ್ತಾರೆ. ಅಷ್ಟರೊಳಗೆ ಇರುವೆಗೆ ಸುದ್ದಿ ಸಿಕ್ಕಿದರೆ ಮುಗಿಯಿತು, ಒಂದೊಂದನ್ನೇ ಕಚ್ಚಿಕೊಂಡು ಸಾಲು ಹೊರಡುತ್ತದೆ. ಮಣ್ಣಿನ ಮುಚ್ಚಿಗೆ ಇರುವುದು ಮೈಯ ತೇವ ಆರದಿರಲಿಕ್ಕೆ. ಈ ಸಾಲಿನ ಕಣ್ಣು ತಪ್ಪಿಸಲಿಕ್ಕೂ ಹೌದು. ನಾವೋ, ಅಡುಗೆಮನೆಯ ಕಟ್ಟೆಗೆ ಇರುವೆ ಸೀಮೆಸುಣ್ಣದ ಗೆರೆ ಎಳೆದು, ಹಲ್ಲಿಯನ್ನು ಪೊರಕೆಯಲ್ಲಿ ಅಟ್ಟಿ, ಆಮೇಲೆ ಗೆದ್ದಲಿನ ಔಷಧಿ ಹೊಡೆಯುವವರಿಗೆ ಫೋನ್ ಮಾಡುತ್ತೇವೆ.

ಕಾಡಿನಲ್ಲಿ ಈ ಕೆಲಸ ಕರಡಿ, ಚಿಪ್ಪುಹಂದಿಗಳದು. ಕರಡಿಗೆ ಮೇಲ್ದವಡೆಯ ನಡುವಿನ ಎರಡು ಹಲ್ಲೇ ಇಲ್ಲ. ಉಗುರಿನಿಂದ ಹುತ್ತ ಬಗೆದು, ಧೂಳು ಊದಿ, ಆ ಸಂದಿಯಿಂದ ಗೆದ್ದಲನ್ನು ಒಳಗೆಳೆದುಕೊಳ್ಳುತ್ತದೆ.

ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಇದೇ ಹುಳಕ್ಕೆ ರೆಕ್ಕೆ ಮೂಡಿ ಹುತ್ತದಿಂದ ಏಳುತ್ತದೆ. ಆಗ ಹೆಸರೂ ಬದಲು: ಈಸಲು. ತಿನ್ನುವಾಗ ಗೆದ್ದಲು, ತಿನ್ನಿಸಿಕೊಳ್ಳುವಾಗ ಈಸಲು ಎಂದರೂ ನಡೆದೀತು, ಏಕೆಂದರೆ ಅವತ್ತು ಎಲ್ಲರಿಗೂ ಹಬ್ಬ. ಕಾಗೆ, ಕಾಜಾಣ ಗಾಳಿಯಲ್ಲೇ ಹಿಡಿಯುತ್ತವೆ. ಅಂಗಳದಲ್ಲಿ ಕೋಳಿ, ಕಪ್ಪೆ. ದೀಪದ ಬುಡದಲ್ಲಿ ಪೊರಕೆಯಿಂದ ಉಳಿದುಕೊಂಡ ಹಲ್ಲಿ. ರೆಕ್ಕೆ ಕಳಚಿ, ಜೋಡಿಯಾಗಿ ನೆಲ ಸೇರಿ ಹೊಸ ಸಂಸಾರ ಹೂಡುವಷ್ಟು ಬದುಕುವವು ತೀರ ಕೆಲವೇ. ಬಯಲುಸೀಮೆಯ ಕೆಲವು ಕಡೆ ಮನುಷ್ಯರೂ ಈ ಪಂಕ್ತಿಯಲ್ಲಿ ಕೂರುತ್ತಾರೆ. ದೀಪ ಹಚ್ಚಿಟ್ಟು, ಬುಡದಲ್ಲಿ ನೀರಿನ ಪಾತ್ರೆ ಇಟ್ಟು ಹಿಡಿದ ಈಸಲನ್ನು ರೆಕ್ಕೆ ತೂರಿ, ಹುರಿದು ತಿನ್ನುತ್ತಾರೆ. ಗೆದ್ದಲು ತಿಂದೆವು ಎಂದು ಅವರಲ್ಲಿ ಯಾರೂ ಹೇಳುವುದಿಲ್ಲ.